ಕಾಯಿಸಿ ಆರಿಸಿದ ನೀರು

ಕುಡಿಯುವ ನೀರಿನಿಂದ ಏನೇನು ಆಗಬಹುದು ಎಂಬ ವಿಷಯದಲ್ಲಿ ಒಂದು ಕಾಲಕ್ಕೆ ನಾನು ಪಂಡಿತನಾಗಿದ್ದೆ. ಟೈಫಾಯ್ಡು ಬರಬಹುದು, ಕಾಮಾಲೆ ಬರಬಹುದು, ಹೊಟ್ಟೆಯಲ್ಲಿ ಜಂತುಹುಳ ಸಂಸಾರ ಹೂಡಬಹುದು, ತೊಟ್ಟಿಗೆ ಹಲ್ಲಿ ಬೀಳಬಹುದು, ಬಿದ್ದದ್ದು ನಮಗೆ ಗೊತ್ತಾಗದೆಯೂ ಹೋಗಬಹುದು. ತೊಂಬತ್ತರ ಆಸುಪಾಸಿನಲ್ಲಿ ನಾನು ಗುಮಾಸ್ತನಾಗಿ ನಾಗಮಂಗಲಕ್ಕೆ ವರ್ಗವಾದಾಗ ಮಗಳು ಸುಮ ಅಂಬೆಗಾಲಿಡುತ್ತಿದ್ದಳು. ಅವಳು ಕುಡಿಯುವ ನೀರನ್ನು ಅರ್ಧ ಗಂಟೆ ಕುದಿಸಿ, ಬಟ್ಟೆಯಲ್ಲಿ ಸೋಸಿ, ಆರಿಸಿ ಕೊಡುವ ಖಾತೆಯನ್ನು ಹೆಂಡತಿಗೂ ಬಿಡದೆ ನಾನೇ ವಹಿಸಿಕೊಂಡೆ. ಬೀದಿಯ ಬೋರ್‌ವೆಲ್ ನೀರು ಗಾಜಿನಂತೆ ತಿಳಿಯಾಗಿತ್ತು. ಅದನ್ನು ಸಂಶಯಿಸುವುದಕ್ಕೇ ನಾಚಿಕೆಯಾಗಬೇಕು. ನಾನು ನಾಚದೆ ಕುದಿಸಿದೆ.

ಹೆಂಡತಿಯ ತವರು ಅರಕೆರೆ. ನಾಲೆಯ ಬಯಲು, ಹಗ್ಗ ಎರಡು ಮಾರು ಬಿಟ್ಟರೆ ಕೊಡ ತುಂಬುವ ಬಾವಿ. ಅಲ್ಲಿಗೂ ನಾನು ಬಸ್ಸು ಬದಲಿಸಿ ಬದಲಿಸಿ ನಾಗಮಂಗಲದ ನೀರನ್ನೇ ಕ್ಯಾನಿನಲ್ಲಿ ಹೊತ್ತೊಯ್ಯುತ್ತಿದ್ದೆ. "ಕಾವೇರಿ ಮಗ್ಗುಲ್ಗೆ ಬಂದು ಮಗೀಗೆ ಬೋರ್ ನೀರ್ ಕುಡಿಸ್ತೀರಲ್ಲ ಬಾವ, ನಮ್ ಬಾವಿಗೇನ್ ಇಸ ಆಕಿದ್ದೀವಾ?" ಎಂದು ಭಾಮೈದ ಕೇಳಿದ. ಮೊಮ್ಮಗಳಿಗೆಂದು ತಂಬಿಗೆ ಹಿಡಿದು ನಿಂತಿದ್ದ ಅತ್ತೆ ಆ ನೀರನ್ನು ತುಳಸಿಗೆ ಸುರಿದು, "ಬುಡ್ಲಾ, ಓದಿರೋರು. ಅವ್ರ್ಗೆ ಗೊತ್ತಿರ್ತದೆ" ಎಂದರು. ಅವರು ನೊಂದು ಆಡಿದ ಮಾತನ್ನು ನಾನು ಮೆಚ್ಚುಗೆಯೆಂದೇ ತಿಳಿದೆ.

ಸುಮಳಿಗೆ ಹಾಲುಹಲ್ಲು ಬಿದ್ದು ಬಂದ ಹೊಸ ಹಲ್ಲುಗಳ ಮೇಲೆ ಕಂದು ಗೆರೆಗಳಿದ್ದವು. ಮಂಡ್ಯದ ಹಲ್ಲಿನ ಡಾಕ್ಟರು ನೋಡಿ, ಇದು ಫ್ಲೋರೈಡು, ನೆಲದಾಳದ ಕಲ್ಲಿನಿಂದಲೇ ನೀರಿಗೆ ಇಳಿಯುತ್ತದೆ, ಕುದಿಸಿದರೆ ಹೋಗುವುದಿಲ್ಲ, ನೀರು ಇಂಗಿದಷ್ಟೂ ಹೆಚ್ಚುತ್ತದೆ ಎಂದರು. "ಎಷ್ಟೊತ್ತು ಕುದಿಸ್ತಿದ್ರಿ?" ಎಂದು ಕೇಳಿದಾಗ ಹತ್ತು ನಿಮಿಷ ಎಂದು ಸುಳ್ಳು ಹೇಳಿದೆ. "ನಾಲೆ ಕಡೆ ಬಾವಿ ನೀರು ಕುಡಿಸಿದ್ರೆ ಹೀಗಾಗ್ತಿರ್ಲಿಲ್ಲ. ಹೋಗ್ಲಿ, ಹಲ್ಲು ಗಟ್ಟಿಯಾಗಿದೆ, ಬರೀ ಕಲೆ" ಎಂದರು. ಹೆಂಡತಿ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಎಷ್ಟೋ ವಾಸಿಯಿತ್ತು.

ಸುಮಳಿಗೆ ಮಾತ್ರ ಇದರ ಪರಿವೆಯೇ ಇರಲಿಲ್ಲ. ಅವಳ ತರಗತಿಯಲ್ಲಿ ಅರ್ಧ ಮಕ್ಕಳ ಹಲ್ಲು ಹಾಗೆಯೇ ಇತ್ತು; ಹಲ್ಲೆಂದರೆ ಹಾಗೇ ಇರುತ್ತದೆ ಎಂದುಕೊಂಡು ಬಾಯ್ತುಂಬ ನಗುತ್ತಿದ್ದಳು. ಎಂಟನೆಯ ಹುಟ್ಟುಹಬ್ಬಕ್ಕೆ ಸ್ಟುಡಿಯೋದಲ್ಲಿ ಕೂರಿಸಿದಾಗ ಫೋಟೋದವನು, "ಇನ್ನೊಂಚೂರು ನಗವ್ವ" ಎಂದ. ನಕ್ಕಳು. ಮುಂದೊಂದು ದಿನ ಗಂಡಿನ ಕಡೆಯವರು ಈ ಫೋಟೋ ನೋಡಿದರೆ ಎಂದು, ಎಂಟು ವರ್ಷದ ಹುಡುಗಿಯ ಬಗ್ಗೆ, ನನಗೆ ಆ ಕ್ಷಣದಲ್ಲಿ ಚಿಂತೆ ಹತ್ತಿತು. "ಪುಟ್ಟಾ, ಬಾಯಿ ಮುಚ್ಕೊಂಡು ನಗು" ಎಂದೆ. ಅವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿ ತುಟಿ ಕೂಡಿಸಿದಳು. ಫೋಟೋ ಚೆನ್ನಾಗಿಯೇ ಬಂತು.

ಊಟಕ್ಕೆ ಕುಳಿತಾಗ ನಾನು ಈಗಲೂ ತಮಾಷೆ ಮಾಡುತ್ತೇನೆ, ಅವಳು ಈಗಲೂ ನಗುತ್ತಾಳೆ. ಆದರೆ ನಗುವಿಗಿಂತ ಮೊದಲು ಎಡಗೈ ಬಾಯಿಗೆ ಬಂದಿರುತ್ತದೆ. ಹಲ್ಲಿನ ಗೆರೆಗೆ ಕಲ್ಲು, ನೀರು ಎಂದು ಕಾರಣ ಹೇಳಬಹುದು. ಆ ಕೈಗೆ ನನ್ನ ಹೊರತು ಬೇರೆ ಕಾರಣ ಹುಡುಕಿ ಸಾಕಾಗಿದೆ. "ಕೈ ತೆಗಿ ಪುಟ್ಟಾ" ಎನ್ನುತ್ತೇನೆ.

"ಅಭ್ಯಾಸ ಆಗ್ಬುಟ್ಟದೆ ಕಣಪ್ಪ" ಎನ್ನುತ್ತಾಳೆ, ಕೈಯ ಹಿಂದಿನಿಂದ.