‘ತೆಗೆ’ ಪದದ ಬಳಕೆ ಕುರಿತು

ನೀರು ಸರಬರಾಜು ಕಚೇರಿಯಲ್ಲಿ ‘ತೆಗೆ’ ಎಂಬ ಪದವನ್ನು ಮುಂದಿನ ಆದೇಶದವರೆಗೆ ಯಾರೂ ಬಳಸತಕ್ಕದ್ದಲ್ಲ. ಇದು ಸುತ್ತೋಲೆ. ಗೋಡೆಗೆ ಅಂಟಿಸಿದೆ.

ಸುತ್ತೋಲೆ ಹುಟ್ಟಿದ್ದು ಬೀಗ ರಿಪೇರಿಯವನ ದೆಸೆಯಿಂದ. ಅವನ ಹೆಂಡತಿ ಆ ಕಚೇರಿಯ ಟೆಲಿಫೋನಿನ ಮುಂದೆ ಕೂರುತ್ತಿದ್ದವಳು. ಹೋದ ವರ್ಷ ತೀರಿಕೊಂಡಳು. ದನಿ ಮಾತ್ರ ಕಂಪ್ಯೂಟರಿನಲ್ಲಿ ಉಳಿದಿತ್ತು. ಯಾರು ಫೋನ್ ಮಾಡಿದರೂ ಮೊದಲು ಅವಳೇ ಹೇಳುವಳು: “ಲೈನಲ್ಲೇ ಇರಿ. ಈಗ ಬರ್ತಾರೆ.” ಇನ್ನು ಹೊಸ ದನಿ ಹಾಕುತ್ತಾರಂತೆ ಅಂತ ಸುದ್ದಿ ಬಂತು. ಅಷ್ಟರೊಳಗೆ ತನಗೊಂದು ಕಾಪಿ ಕೊಡಿ ಅಂತ ಅವನು ಕಚೇರಿಗೆ ಕೇಳಲು ಹೋದ.

“ಅದಕ್ಕೇನಂತೆ,” ಅಂದರು ಹಳೇ ವಿಭಾಗದ ಗುಮಾಸ್ತರು. “‘ತೆಗೆ’ ಅಂತ ಒತ್ತಿದ್ರೆ ತೆರ್ಕೊಳ್ಳುತ್ತೆ.”

“ಒತ್ತಬೇಡ್ರೀ!” ಹೊಸ ವಿಭಾಗದ ಮೇಡಂ ಎದ್ದು ಓಡಿ ಬಂದರು. “ನಮ್ಮಲ್ಲಿ ‘ತೆಗೆ’ ಅಂದ್ರೆ ಅಳಿಸು!”

ವಿಷಯ ಇಷ್ಟೇ. ಎರಡು ವಿಭಾಗಗಳನ್ನು ಕೂಡಿಸಿದಾಗ ಎರಡರ ಆಜ್ಞೆಗಳನ್ನೂ ಒಂದೇ ಕಂಪ್ಯೂಟರಿಗೆ, ಅದರೊಳಗೇ ಬೇರೆ ಬೇರೆ ಕಪಾಟು ಮಾಡಿ ತುಂಬಿದ್ದರು. ಆಜ್ಞೆ ಕೊಟ್ಟರೆ ಅದು ಹೇಳಿಕೊಟ್ಟ ದಾರಿ ಹಿಡಿದು ಒಂದೊಂದೇ ಕಪಾಟು ಹುಡುಕುತ್ತದೆ. ಮೊದಲು ಯಾರ ‘ತೆಗೆ’ ಸಿಕ್ಕಿತೋ ಅದನ್ನೇ ನಡೆಸುತ್ತದೆ. ಇನ್ನೊಂದರ ಗೊಡವೆಗೆ ಹೋಗುವುದಿಲ್ಲ. ತಮ್ಮ ಕಪಾಟೇ ಮುಂದಿರಲಿ ಅಂತ ಎರಡೂ ಕಡೆಯವರು ಕದ್ದು ಮುಚ್ಚಿ ದಾರಿ ಬದಲಿಸುತ್ತಲೇ ಇದ್ದರು. ಈಗ ಯಾರದು ಮುಂದೆ ಅಂತ ಆಣೆ ಮಾಡುವವರು ಯಾರೂ ಇರಲಿಲ್ಲ.

ಸಾಹೇಬರು ಪರಿಹಾರ ಸೂಚಿಸಿದರು. ಕಪಾಟಿನ ಹೆಸರು ಹಿಡಿದು ‘ಹಳೇ ಕಪಾಟಿನ ತೆಗೆ’ ಅನ್ನಿ, ಸಾಕು.

“ಯಾರ್ರೀ ಹಳಬರು?” ಗುಮಾಸ್ತರು ಮುಖ ಕೆಂಪಗೆ ಮಾಡಿಕೊಂಡರು.

ಹಾಗಾದರೆ ತಮಗೆ ಬೇಕಾದ ಹೆಸರನ್ನು ತಾವೇ ಇಟ್ಟುಕೊಳ್ಳಲಿ ಎಂದಾಯಿತು. ಇಬ್ಬರೂ ‘ಮುಖ್ಯ ಕಪಾಟು’ ಅಂತ ಇಟ್ಟರು.

ತೀರ್ಮಾನದವರೆಗೆ ಹೊಸ ವಿಭಾಗದ ಅರ್ಥವೇ, ಅಂದರೆ ಇಲ್ಲದಂತೆ ಮಾಡು ಎಂಬುದೇ, ಊರ್ಜಿತ ಎಂದು ಆದೇಶವಾಯಿತು. ಆ ಮಧ್ಯಾಹ್ನ ಸಾಹೇಬರು ಜವಾನನಿಗೆ “ಸೆಕೆ ಕಣಯ್ಯಾ, ಬಾಗಿಲು ತೆಗಿ” ಅಂದರು. ಅವನು ಸ್ಕ್ರೂ ಬಿಚ್ಚಿ ಬಾಗಿಲನ್ನೇ ತೆಗೆದು ಹೊರಗೆ ಒರಗಿಸಿದ. ಆದೇಶದ ಪ್ರಕಾರ ಸರಿಯಾಗಿತ್ತು. ಅವನಿಗೆ ಪ್ರಶಂಸಾಪತ್ರ ಸಿಕ್ಕಿತು. ಪದ ನಿಷೇಧವಾಯಿತು.

ಬೀಗ ರಿಪೇರಿಯವನು ಒರಗಿದ್ದ ಬಾಗಿಲಿನ ಬೀಗ ಮುಟ್ಟಿ ನೋಡಿದ. ಚೆನ್ನಾಗಿಯೇ ಇತ್ತು. ಒಳಗೆ ಸಾಹೇಬರ ಹತ್ತಿರ ಹೋದ.

“ನಮ್ಮವಳದು ಏನಾಯ್ತು ಸಾರ್?”

“ತೆರೆಯೋ ಹಾಗಿಲ್ಲ, ಅಳಿಸೋ ಹಾಗೂ ಇಲ್ಲ. ಹೊಸ ದನಿ ಹಾಕಬೇಕಾದ್ರೂ ಮೊದಲು ಹಳೇದನ್ನ... ಆ ಪದ ಮಾಡ್ಬೇಕಲ್ಲಪ್ಪ. ಅಲ್ಲೀತನಕ ಅವರೇ ಮಾತಾಡ್ತಿರ್ತಾರೆ.”

“ಎಲ್ಲೀತನಕ?”

“ಸಮಿತಿ ಕೂತಿದೆ.”



“ಅವಸರ ಇಲ್ಲ ಸಾರ್. ಆರಾಮಾಗಿ ಕೂತ್ಕೊಳ್ಳಲಿ.”

ಈಗ ಅಂಗಡಿ ಮುಚ್ಚಿದ ಮೇಲೆ ಅವನು ಕಚೇರಿಗೆ ಫೋನ್ ಮಾಡುತ್ತಾನೆ. ಅದಕ್ಕೂ ಒಂದು ನಿಯಮವಾಗಿದೆ: ಸಂಜೆಯ ಕರೆಯನ್ನು ಯಾರೂ ಎತ್ತತಕ್ಕದ್ದಲ್ಲ. ನೀರು ಬಾರದವರು ಬೆಳಿಗ್ಗೆ ದೂರುತ್ತಾರೆ. ಎಲ್ಲರಿಗೂ ಒಗ್ಗಿದೆ.

“ಲೈನಲ್ಲೇ ಇರಿ. ಈಗ ಬರ್ತಾರೆ.”

“ಇದ್ದೀನಿ ಕಣೇ,” ಅನ್ನುತ್ತಾನೆ.