ಹನ್ನೆರಡು ಮಿಲಿಮೀಟರ್ ಹಲಗೆ

ಏಳು ಸಮುದ್ರದಾಚೆಯ ರಾಕ್ಷಸನ ಪ್ರಾಣ ಗಿಳಿಯೊಳಗೆ ಇರುತ್ತಿತ್ತಂತೆ. ನಮ್ಮ ಅಂಚೆ ಗುಮಾಸ್ತನ ಪ್ರಾಣ ಮರ ಕೊರೆಯುವ ಪುಟ್ಟ ಸಿಎನ್‌ಸಿ ಯಂತ್ರದೊಳಗಿತ್ತು. ಕಂಪ್ಯೂಟರಿನಲ್ಲಿ ಅಕ್ಷರ ಬರೆದುಕೊಟ್ಟರೆ ಅದು ಚೂಪು ಮೂತಿ ತಿರುಗಿಸುತ್ತ ಹಲಗೆಯಲ್ಲಿ ಕೊರೆದುಕೊಡಬೇಕು. ಆರು ತಿಂಗಳಿಂದ ಕೊಟ್ಟದ್ದು ಬರೀ ಹೊಟ್ಟು.

"ಸಂಜೆ ಮಾವನ್ನ ಕರ್ಕೊಂಡು ಬರ್ತೀನಿ," ಹೆಂಡತಿ ಚಪ್ಪಲಿ ಮೆಟ್ಟುತ್ತ ಹೇಳಿದಳು. "ಅವರ ಬಾಯಲ್ಲಿ ಭೇಷ್ ಅನ್ನಿಸೋವಂಥದ್ದು ಒಂದಾದ್ರೂ ಮಾಡಿಟ್ಟಿರಿ. ಇಲ್ಲಾಂದ್ರೆ ನಾಳೆ ಯಂತ್ರ ಗುಜರಿಗೆ."

ಮಾವ ಎಂದರೆ ಅವಳ ಸೋದರಮಾವ. ನಲವತ್ತು ವರ್ಷ ಉಳಿ ಹಿಡಿದ ಬಡಗಿ. ಇವರ ಮದುವೆಗೆ ತೇಗದ ಊಟದ ಮೇಜು ಮಾಡಿಕೊಟ್ಟವರು. ಅವರು ಹೊಗಳಿದ್ದನ್ನು ಕೇಳಿದ ನರಪ್ರಾಣಿ ಇರಲಿಲ್ಲ.

ಗುಮಾಸ್ತ ರಜೆ ಹಾಕಿ, ಅದೇ ಮೇಜಿನ ಮೇಲೆ ಯಂತ್ರವಿಟ್ಟು, ಮನೆಯ ಹೆಸರು 'ನೆಮ್ಮದಿ' ಕೊರೆಯಲು ಕೂತ. ಗುಂಯ್ ಎಂದು ಸದ್ದಾಗಿದ್ದೇ ತಡ, ಮೇಲಿನ ಮನೆಯ ದರ್ಜಿ, ಎದುರು ಮನೆಯ ಲೆಕ್ಕದ ಮೇಷ್ಟ್ರು ಟೀ ಲೋಟದ ಸಮೇತ ಹಾಜರು.

ಮೊದಲ ಹಲಗೆಯಲ್ಲಿ ಅಕ್ಷರದ ಅಂಚಷ್ಟೇ ಮೂಡಿತು.

"ಇದೇನ್ರೀ, ಕಚ್ಚಾ ಹೊಲಿಗೆ ಹಾಕಿ ಬಿಟ್ಟ ಹಾಗಿದೆ," ಎಂದ ದರ್ಜಿ. "ಅಕ್ಷರ ಮೈಕೈ ತುಂಬ್ಕೊಂಡು ನಿಲ್ಲಬೇಕು."

ಸರಿ, ಸುತ್ತಲಿನ ಮರ ಕೆತ್ತಿ ಅಕ್ಷರ ಉಬ್ಬಿಸುವುದೆಂದಾಯಿತು. ಹಲಗೆಯ ದಪ್ಪ ಹನ್ನೆರಡು ಮಿಲಿಮೀಟರ್. ಗುಮಾಸ್ತ ಆಳ ಆರು ಎಂದು ಒತ್ತಿದ. ಅರ್ಧಕ್ಕೇ ನಿಲ್ಲುತ್ತದಲ್ಲ ಎಂದು ಮೇಜು ಕಾಯಲು ಕೆಳಗೆ ಪ್ಲೈವುಡ್ ಕೂಡ ಇಡಲಿಲ್ಲ. ಅಷ್ಟರಲ್ಲಿ ಹೆಂಡತಿಯ ಫೋನು. ಅಡುಗೆಮನೆಗೆ ಓಡಿದ.

"ಹೊಲಿಗೆಗೆ ಅಂತ ಒಂದಿಷ್ಟು ಬಿಡದೆ ಯಾರಾದ್ರೂ ಕತ್ತರಿ ಆಡಿಸ್ತಾರಾ," ಎಂದು ಗೊಣಗಿ ದರ್ಜಿ ಆರನ್ನು ಹತ್ತು ಮಾಡಿ ಕಿಟಕಿಯತ್ತ ಹೋದ. ಮೇಷ್ಟ್ರು ಬಂದು ಹತ್ತನ್ನು ನೋಡಿದರು. ಪಾಪ, ಕಷ್ಟಪಟ್ಟಿದ್ದಾನೆ ಎಂದು ಅಭ್ಯಾಸಬಲದಿಂದ ಐದು ಗ್ರೇಸ್ ಮಾರ್ಕ್ಸ್ ಸೇರಿಸಿದರು. ಗುಮಾಸ್ತ ಬಂದವನೇ ಗುಂಡಿ ಒತ್ತಿದ.

ಅಕ್ಷರಗಳು ಮಿಂದೆದ್ದ ಮಕ್ಕಳ ಹಾಗೆ ಹೊಳೆಯುತ್ತ ಮೇಲೆದ್ದವು. ಗುಮಾಸ್ತನ ಕಣ್ಣು ತೇವವಾಯಿತು. ಆಮೇಲೆ 'ನೆ' ಹಲಗೆ ಬಿಟ್ಟು ಹಾರಿತು. 'ದಿ' ಗೋಡೆ ಗಡಿಯಾರಕ್ಕೆ ಬಡಿಯಿತು. 'ಮ'ದ ಒತ್ತು ಮೇಷ್ಟ್ರ ಟೀಗೆ ಬಿತ್ತು.

"ನಿಲ್ಸ್ರೀ ಅದನ್ನ," ಮೇಷ್ಟ್ರು ಕೂಗಿದರು.

ನಿಲ್ಲಿಸುವ ಗುಂಡಿ ಹೊಟ್ಟಿನ ಗುಡ್ಡೆಯಡಿ ಹೂತಿತ್ತು. ಮೂವರೂ ಕೋಳಿ ಕೆದರಿದ ಹಾಗೆ ಕೆದರಿ ಹುಡುಕುವ ಹೊತ್ತಿಗೆ ಯಂತ್ರ ಕೆಲಸ ಮುಗಿಸಿ ತಾನೇ ನಿಂತಿತು.

ಹಲಗೆ ಎತ್ತಿ ನೋಡಿದರೆ ತೇಗದ ಮೇಜಿನಲ್ಲಿ 'ನೆಮ್ಮದಿ' ಉಬ್ಬಿ ನಿಂತಿದೆ, ಸುತ್ತಲೂ ಹಳ್ಳ.

"ಮೂರು ಮಿಲಿಮೀಟರ್," ಎಂದರು ಮೇಷ್ಟ್ರು. ಲೆಕ್ಕ ಸರಿಯಾಗಿತ್ತು. ಇಬ್ಬರಿಗೂ ಒಮ್ಮೆಗೇ ಮನೆಯಲ್ಲಿ ಕೆಲಸವಿರುವುದು ನೆನಪಾಯಿತು.

ಗುಮಾಸ್ತ ಯಂತ್ರವನ್ನು ಮೂಲೆಗಿಟ್ಟು ಮೇಜಿಗೆ ಬಟ್ಟೆ ಹೊದಿಸಿದ. ಐದು ಗಂಟೆಗೆ ಮಾವ ಬಂದರು, ಕೂತರು, ನೀರಿನ ಲೋಟ ಇಟ್ಟರು. ಲೋಟ ವಾಲಿತು. ಅವರು ಬಟ್ಟೆ ಎಳೆದರು.

ಹೆಂಡತಿ ಗಂಡನನ್ನು ನೋಡಿದ ನೋಟಕ್ಕೆ ಒದ್ದೆ ಸೌದೆಯೂ ಹೊತ್ತಿಕೊಳ್ಳಬೇಕು. ಮಾವ ಕನ್ನಡಕ ಏರಿಸಿ ಅಕ್ಷರದ ಬುಡದಲ್ಲಿ ಬೆರಳಾಡಿಸಿದರು.

"ಯಾರು ಕೊರೆದದ್ದು?"

"ಯಂತ್ರ. ಅಂದ್ರೆ ನಾನು. ಅಂದ್ರೆ ಯಂತ್ರ."

"ಭೇಷ್."

ಹೆಂಡತಿ ಕುರ್ಚಿ ಹುಡುಕಿ ಕೂತಳು.

"ನಲವತ್ತು ವರ್ಷದಲ್ಲಿ ನನ್ನ ಉಳಿಗೆ ತಳ ಇಷ್ಟು ಸಮ ಬಂದಿಲ್ಲ," ಎಂದರು ಮಾವ.

ಗುಮಾಸ್ತನ ಕಾಲು ನೆಲದ ಮೇಲಿರಲಿಲ್ಲ. ಯಂತ್ರ ಉಳಿಯಿತು. ಅವನು ನೆಲಕ್ಕಿಳಿಯುವಷ್ಟರಲ್ಲಿ ಮಾವ ಅದರ ವೈರು ಸುತ್ತುತ್ತಿದ್ದರು.

"ಅಳಿಯಂದಿರೇ, ಇದು ನಿಮ್ಮ ಕೈಲಿದ್ರೆ ಬಾಗಿಲು, ಮಂಚ ಒಂದೂ ಉಳಿಯಲ್ಲ. ನನ್ನ ಹತ್ರ ಇರಲಿ."

"ಮಾವ, ಅದು..."

"ಸುಮ್ನಿರಿ," ಎಂದಳು ಹೆಂಡತಿ. "ಮಾವ ಜನ್ಮದಲ್ಲಿ ಮೊದಲ್ನೇ ಸಲ ಒಂದು ಕೇಳಿದಾರೆ."

ಮಾವ ಚೀಲದಿಂದ ತಮ್ಮ ಹಳೆಯ ಉಳಿ ತೆಗೆದು ಅಳಿಯನ ಕೈಗಿಟ್ಟರು. "ನಂಗಿನ್ನು ಇದು ಬೇಡ. ಮೇಜು ಸಮ ಮಾಡಿ. ಮನಸ್ಸಿಟ್ಟು ಕೂತ್ರೆ ಆರು ತಿಂಗಳ ಕೆಲಸ."

ರಾಕ್ಷಸನ ಗಿಳಿ ಮಾವನ ಬಗಲೇರಿ ಗೇಟು ದಾಟಿತು. ಗುಮಾಸ್ತ ಉಳಿ ಹಿಡಿದು ಮೇಜಿನ ಮುಂದೆ ಬಗ್ಗಿದ. ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು.

"ಹಾಗಲ್ಲ ಹಿಡಿಯೋದು," ಎಂದಿತು ದರ್ಜಿಯ ದನಿ. "ತಾಳಿ, ಬಂದೆ. ಮೇಷ್ಟ್ರನ್ನೂ ಕರ್ಕೊಂಡು ಬರ್ತೀನಿ."