ನೀರು ಹೊಗದ ಡಬ್ಬಿ

ಊರಿಗೆಲ್ಲ ನೀರು ಬಿಡುವ ಕಚೇರಿಯಲ್ಲಿ ಕೂತು ದೂರು ಬರೆದುಕೊಳ್ಳುವ ನಮ್ಮ ಗುಮಾಸ್ತನಿಗೆ ನೀರು ಕಂಡರೆ ಭಯ. ಲೋಟದ ನೀರಿನ ಮೇಲೆ ದ್ವೇಷವಿರಲಿಲ್ಲ, ಬಕೆಟ್ಟಿನ ನೀರಿನ ಜತೆಗೂ ಸೌಹಾರ್ದ ಸಂಬಂಧವೇ ಇತ್ತು. ಮೊಣಕಾಲು ದಾಟಿ ಮೇಲೇರುವ ನೀರು ಎಂದರೆ ಮಾತ್ರ ಪ್ರಾಣ ಬಾಯಿಗೆ ಬರುತ್ತಿತ್ತು. ಇಂಥವನು ಮದುವೆಯಾದದ್ದು ಈಜು ಕಲಿಸುವ ಟೀಚರನ್ನು. (ಹಣೆಬರಹ ಬರೆಯುವವನಿಗೂ ಒಮ್ಮೊಮ್ಮೆ ತಮಾಷೆ ಮಾಡುವ ಚಪಲ.)

ಮೊದಲ ಭೇಟಿಯಲ್ಲೇ ಅವಳು, "ನಿಮಗೆ ಈಜು ಬರುತ್ತಾ?" ಎಂದು ಕೇಳಿದ್ದಳು. ಅವಳ ಕಣ್ಣನ್ನೇ ನೋಡುತ್ತ ಕೂತಿದ್ದ ಅವನು, "ಅಯ್ಯೋ, ನೀರಿಗಿಳಿದರೆ ನಾನು ಮೀನೇ!" ಎಂದುಬಿಟ್ಟ. ಆ ಗಳಿಗೆಯಲ್ಲಿ ವಿಮಾನ ಓಡಿಸ್ತೀರಾ ಎಂದು ಕೇಳಿದ್ದರೂ ಹೂಂ ಅನ್ನುತ್ತಿದ್ದ.

ಆ ಸುಳ್ಳನ್ನು ಎರಡು ವರ್ಷ ಕಾಪಾಡಿದ ದೇವರು ಅವನ ಡಿಎಸ್‌ಎಲ್‌ಆರ್ ಕ್ಯಾಮೆರಾ. ಹೊಳೆಗೆ ಹೋಗಲಿ, ಕಡಲಿಗೆ ಹೋಗಲಿ, ಅವಳು ನೀರಿನಿಂದ "ಬನ್ರೀ!" ಎಂದು ಕೂಗಿದ ಕೂಡಲೇ ಇವನು ಕ್ಯಾಮೆರಾವನ್ನು ಹಸುಗೂಸಿನಂತೆ ಎದೆಗವಚಿಕೊಳ್ಳುತ್ತಿದ್ದ. "ನಾನು ಬಂದ್ರೆ ಕ್ಯಾಮೆರಾ ಯಾರು ನೋಡ್ಕೋತಾರೆ? ಒಂದು ಹನಿ ಬಿದ್ರೂ ಅದರ ಕಥೆ ಮುಗೀತು ಕಣೇ. ನೀನು ಈಜು, ನಾನು ದಡದಿಂದ ಫೋಟೋ ತೆಗೀತೀನಿ."

ಹೀಗೆ ಸುಖವಾಗಿ ಒಣಗಿಕೊಂಡಿದ್ದವನ ಹುಟ್ಟಿದ ದಿನ ಅವಳು ಒಂದು ಭಾರವಾದ ಪೊಟ್ಟಣ ತಂದು ಮಡಿಲಲ್ಲಿಟ್ಟಳು. ಬಿಚ್ಚಿದರೆ ದಪ್ಪ ಪ್ಲಾಸ್ಟಿಕ್ಕಿನ ಪೆಟ್ಟಿಗೆ. ಎರಡು ಪಕ್ಕಕ್ಕೂ ಹಿಡಿ, ಮುಂದೆ ದುಂಡನೆಯ ಗಾಜು, ಮೇಲೆ ಒತ್ತುವ ಗುಂಡಿ.

"ನೀರು ಹೊಗದ ಡಬ್ಬಿ ರೀ! ಕ್ಯಾಮೆರಾನ ಒಳಗಿಟ್ಟು ಮುಚ್ಚಿಬಿಟ್ರೆ ಎಷ್ಟಾಳ ಇಳಿದ್ರೂ ಏನೂ ಆಗಲ್ಲ. ಪಾಪ, ಎರಡು ವರ್ಷದಿಂದ ದಡದಲ್ಲೇ ನಿಂತು ನಿಂತು ಎಷ್ಟು ಬೇಜಾರಾಗಿರಬೇಕು ನಿಮಗೆ! ಈ ಭಾನುವಾರ ನಮ್ಮ ಈಜುಕೊಳಕ್ಕೆ ಬನ್ನಿ. ಅಲ್ಲಿನ ಬೋರ್ಡಿಗೆ ನೀರೊಳಗಿನ ಫೋಟೋ ಬೇಕಂತೆ."

ಮೂಲೆಯಲ್ಲಿ ಬಟಾಣಿ ಸುಲಿಯುತ್ತಿದ್ದ ಅತ್ತೆ ತಲೆಯೆತ್ತಿದರು. ಅರವತ್ತು ದಾಟಿದ ಮೇಲೆ ಮಗಳ ಹತ್ತಿರವೇ ಈಜು ಕಲಿತ ಹೆಂಗಸು. "ಮೀನು ಅಂತಿದ್ರಲ್ಲ ಅಳಿಯಂದ್ರೇ. ಮೀನಿಗೆ ಭಾನುವಾರ ಬಿಡುವಿದೆ ತಾನೇ?"

ಆ ವಾರವಿಡೀ ಅವನನ್ನು ಎರಡು ಭಯ ಕಾಡಿದವು. ಮುಳುಗಿ ಸಾಯುವ ಭಯ ಒಂದು ಕಡೆ, ಮುಳುಗದೆ ಉಳಿದರೆ ಇನ್ನೂ ದೊಡ್ಡ ಭಯ. ಸುಳ್ಳು ಬಯಲಾದ ಮೇಲೆ ತನ್ನ ಯಾವ ಮಾತನ್ನು ತಾನೇ ಅವಳು ನಂಬುತ್ತಾಳೆ? ಕೊನೆಗೆ ಡಬ್ಬಿಯ ಜತೆ ಬಂದ ಚೀಟಿಯಲ್ಲಿ ಒಂದು ಹುಲ್ಲುಕಡ್ಡಿ ಸಿಕ್ಕಿತು. ಮೊದಲು ಖಾಲಿ ಡಬ್ಬಿಯೊಳಗೆ ಕಾಗದವಿಟ್ಟು ನೀರಲ್ಲಿ ಮುಳುಗಿಸಿ ನೋಡಬೇಕು. ಮುಚ್ಚಳದ ರಬ್ಬರ್ ಬಳೆಯ ಮೇಲೆ ಒಂದೇ ಒಂದು ಕೂದಲಿದ್ದರೂ ನೀರು ನುಗ್ಗೀತು, ಜೋಕೆ!

ಡಬ್ಬಿ ಸೋರಿದರೆ ಭಾನುವಾರವೂ ಇಲ್ಲ, ಭಯವೂ ಇಲ್ಲ. ಸೋರಿಕೆ ಎಂದರೆ ಅವನಿಗೆ ಅನ್ನ ಹಾಕುವ ತಾಯಿ. ಊರಿನ ಅಷ್ಟೂ ಸೋರಿಕೆ ದಿನಾ ಅವನ ಮೇಜಿನ ಮೇಲೆ ಹಾದೇ ಹೋಗುತ್ತದೆ. ನೆತ್ತಿಯಲ್ಲಿ ಉಳಿದಿದ್ದ ನಾಲ್ಕರಲ್ಲಿ ಒಂದು ಕೂದಲನ್ನು ತ್ಯಾಗ ಮಾಡಿ, ಬಳೆಯ ಮೇಲೆ ಭಕ್ತಿಯಿಂದ ಮಲಗಿಸಿ, ಒಳಗೆ ಕಾಗದವಿಟ್ಟು ಮುಚ್ಚಿ, ಡ್ರಮ್ಮಿನಲ್ಲಿ ನೀರು ತುಂಬಿಸಲು ಹೋದ. ಡಬ್ಬಿ ಮುಳುಗಿಸಿ, ಗಂಟೆ ಕಳೆದು ತೆಗೆದರೆ ಒಳಗಿನ ಕಾಗದ ಹಪ್ಪಳದಷ್ಟು ಒಣ!

"ನೋಡಿದ್ರಾ?" ಎಂದಳು ಹೆಂಡತಿ. "ನೀವು ಆ ಕಡೆ ಹೋದಾಗ ನಾನೊಮ್ಮೆ ತೆಗೆದು ನೋಡಿದೆ. ಬಳೆ ಮೇಲೆ ಯಾವುದೋ ಹಾಳು ಕೂದಲು. ಒರೆಸಿ ಹಾಕಿದೆ. ಅಷ್ಟೂ ಜಾಗ್ರತೆ ಬೇಡ್ವಾ?"

ಭಾನುವಾರ ಯಾರಿಗೂ ಹೇಳದೆ ಬಂದೇಬಿಟ್ಟಿತು.

ಕೊಳದ ನೀಲಿ ನೀರು ಅಲ್ಲಾಡದೆ ಇವನನ್ನೇ ನೋಡುತ್ತಿತ್ತು. ಅತ್ತೆ ಆಗಲೇ ಅಂಗಾತ ತೇಲುತ್ತಿದ್ದರು, ಮನೆಯ ಸೋಫಾದ ಮೇಲೆ ಒರಗಿದ ಹಾಗೆ. ಹೆಂಡತಿ ಕೂಗಿದಳು: "ಹತ್ತಿರ ಬಂದೇ ತೆಗೀಬೇಕು ರೀ. ನೀರೊಳಗೆ ದೂರದಿಂದ ತೆಗೆದ್ರೆ ಬರೀ ನೀಲಿ ಬರುತ್ತೆ!" ಅಂದರೆ ಇಳಿದು ಕೊಳದ ಏಣಿಯನ್ನೂ ಬಿಡಬೇಕು.

ಮೊದಲ ಮೆಟ್ಟಿಲಿಗೆ ಮೊಣಕಾಲು ಹೋಯಿತು. ಎರಡನೆಯದಕ್ಕೆ ತೊಡೆ. ಮೂರನೆಯದರಲ್ಲಿ ತಣ್ಣನೆಯ ನೀರು ಹೊಕ್ಕುಳನ್ನು ಮುಟ್ಟಿತು. ಕಾಲು ಜಾರಿತು. ನೀರು ಕಿವಿಗೆ ನುಗ್ಗಿ ಲೋಕ ಗುಳುಗುಳು ಎಂದಿತು. ಕಣ್ಣು ತಾವಾಗಿಯೇ ಮುಚ್ಚಿಕೊಂಡವು, ಕಾಲು ಮಡಚಿ ಹೊಟ್ಟೆಗೆ ಅಂಟಿಕೊಂಡವು, ಬೆರಳು ಡಬ್ಬಿಯ ಗುಂಡಿಯ ಮೇಲೆ ಸೆಟೆದು ನಿಂತಿತು. ಟಕಟಕಟಕ! ಕ್ಯಾಮೆರಾ ಒಂದರ ಹಿಂದೊಂದು ಹೊಡೆಯುತ್ತಲೇ ಇತ್ತು. ತಳವೇ ಇಲ್ಲ ಇದಕ್ಕೆ! ಮುಗಿಯಿತು. ನಾಳೆ ಮೇಜಿನ ಮೇಲಿನ ದೂರುಗಳನ್ನು ಯಾರು ನೋಡುತ್ತಾರೆ? ಪಾಪ, ಇವಳಿಗೆ ನಿಜ ಹೇಳಬೇಕಾಗಿತ್ತು...

ಯಾರೋ ರಟ್ಟೆ ಹಿಡಿದೆಳೆದರು. ಅತ್ತೆ!

"ಕಾಲು ಬಿಚ್ಚಿ ಅಳಿಯಂದ್ರೇ. ನಿಂತ್ಕೊಳಿ."

ಕಾಲು ಬಿಚ್ಚಿದ. ನಿಂತ. ನೀರು ಎದೆಯವರೆಗಿತ್ತು.

"ಕೆ... ಕೆಳಗಿನ ಕೋನದಿಂದ ತೆಗೀತಿದ್ದೆ ಅತ್ತೆ," ಎಂದು ಕೆಮ್ಮಿದ.

ಮಧ್ಯಾಹ್ನ ಲ್ಯಾಪ್‌ಟಾಪಿನ ಮುಂದೆ ಮೂವರೂ ಕೂತರು. ಡಬ್ಬಿಯೊಳಗೆ ಒಂದು ಹನಿಯೂ ಹೋಗಿರಲಿಲ್ಲ. ಹಿಡಿ ಎರಡು ಕಡೆಗೂ ಇದ್ದ ಆ ಡಬ್ಬಿ ಗಾಬರಿಯಲ್ಲಿ ಹಿಂದುಮುಂದಾಗಿ ತಿರುಗಿಹೋಗಿತ್ತು, ಅಷ್ಟೇ. ಮೊದಲ ಫೋಟೋದಲ್ಲಿ ಹೆಂಡತಿಯ ಕಾಲಿನ ಹೆಬ್ಬೆರಳು. ಉಳಿದ ನಲವತ್ತೊಂದರಲ್ಲೂ ಅವನೇ: ಕಣ್ಣು ಬಿಗಿಮುಚ್ಚಿ, ಕೆನ್ನೆ ಉಬ್ಬಿಸಿ, ಮಂಡಿಯನ್ನು ಗಲ್ಲಕ್ಕೆ ತಂದುಕೊಂಡು, ನೆಲದಿಂದ ಒಂದು ಗೇಣು ಮೇಲೆ ಮುಳುಗುತ್ತಿರುವ ಅವನು. ಜನ್ಮದಲ್ಲೇ ಅವನು ಇಷ್ಟು ಸ್ಪಷ್ಟವಾದ ಫೋಟೋ ತೆಗೆದಿರಲಿಲ್ಲ.

"ಮೀನು ಚೆನ್ನಾಗಿ ಬಂದಿದೆ," ಎಂದರು ಅತ್ತೆ.

ಅವನು ತಲೆ ತಗ್ಗಿಸಿದ. "ನಂಗೆ ಈಜು ಬರಲ್ಲ ಕಣೇ. ಅವತ್ತು ಸುಳ್ಳು ಹೇಳಿದ್ದೆ."

"ಗೊತ್ತು."

"ಯಾವಾಗಿಂದ?"

"ಮದುವೆಯಾದ ವಾರದಿಂದ. ಷವರ್ ಕೆಳಗೆ ಗೋಡೆ ಹಿಡ್ಕೊಂಡು ನಿಲ್ಲೋ ಮೀನನ್ನ ನಾನೆಲ್ಲೂ ನೋಡಿರಲಿಲ್ಲ. ನೀವಾಗೇ ಹೇಳ್ತೀರಿ ಅಂತ ಎರಡು ವರ್ಷ ಕಾದೆ."

"ಮತ್ತೆ ಈ ಡಬ್ಬಿ?"

"ಅದು ಕ್ಯಾಮೆರಾ ಮುಚ್ಚಿಡೋಕಲ್ಲ ರೀ, ನಿಮ್ಮ ನೆಪ ಮುಚ್ಚಿಡೋಕೆ."

ಮುಂದಿನ ಭಾನುವಾರ ಆರು ವರ್ಷದ ಏಳು ಮಕ್ಕಳ ಸಾಲಿನ ಕೊನೆಯಲ್ಲಿ, ತೋಳಿಗೆ ಗಾಳಿಚೀಲ ಕಟ್ಟಿಕೊಂಡು, ನಮ್ಮ ಗುಮಾಸ್ತ ನಿಂತಿದ್ದ. ಬೋರ್ಡಿನ ಮೇಲೆ ಅವನ ಇಪ್ಪತ್ತಮೂರನೆಯ ಫೋಟೋ ಆಳೆತ್ತರಕ್ಕೆ ರಾರಾಜಿಸುತ್ತಿತ್ತು. ಅದರ ಕೆಳಗೆ ಹೀಗೆ ಬರೆದಿತ್ತು: "ಇಲ್ಲಿ ಎಂಥವರಿಗೂ ಈಜು ಕಲಿಸಲಾಗುವುದು." ಏಣಿಯ ಹತ್ತಿರ ಹೋಗಿ, ಅಭ್ಯಾಸಬಲದಿಂದ ಅವನು ಎದೆಯನ್ನು ತಡವಿಕೊಂಡ. ಅವಚಿಕೊಳ್ಳಲು ಏನೂ ಇರಲಿಲ್ಲ.

ಎದೆಮಟ್ಟದ ನೀರಿನಲ್ಲಿ ಡಬ್ಬಿ ಹಿಡಿದು ನಿಂತಿದ್ದ ಅತ್ತೆ ಕೂಗಿದರು: "ಇಳೀರಿ ಅಳಿಯಂದ್ರೇ, ಕಣ್ಣು ಬಿಟ್ಕೊಂಡು ಇಳೀರಿ! ಕ್ಯಾಮೆರಾ ನಾನು ನೋಡ್ಕೋತೀನಿ."